ರೆಕಾರ್ಡಿಂಗ್ ಹೊರಗೆ ಹೋಗಿದೆ, ಎಲ್ಲರ ಫೋನ್ ಪರೀಕ್ಷಿಸಬಹುದೇ?

ಪ್ರಶ್ನೆ: ಬೆಳ್ಳಂದೂರಿನ ಬಳಿಯ ಒಂದು ಸಾಫ್ಟ್‌ವೇರ್ ಸೇವಾ ಕಂಪನಿಯಲ್ಲಿ ಎಚ್‌ಆರ್ ಮುಖ್ಯಸ್ಥನಾಗಿದ್ದೇನೆ. ನಮ್ಮಲ್ಲಿ ಸುಮಾರು ಆರುನೂರು ಮಂದಿ ಇದ್ದಾರೆ, ಕಂಪನಿ ಷೇರುಪೇಟೆಯಲ್ಲಿಲ್ಲ. ಇತ್ತೀಚೆಗೆ ನಡೆದ ಮ್ಯಾನೇಜರುಗಳ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, ಅಪ್ರೈಸಲ್‌ನಲ್ಲಿ ಪ್ರತಿ ತಂಡದಿಂದಲೂ ಕೆಲವರನ್ನು ಕೊನೆಯ ದರ್ಜೆಗೆ ಹಾಕಲೇಬೇಕು, ಅವರು ತಾವಾಗಿಯೇ ರಾಜೀನಾಮೆ ಬರೆಯುವಂತೆ ನೋಡಿಕೊಳ್ಳಬೇಕು ಎಂದರು. ಆ ಮಾತಿನ ರೆಕಾರ್ಡಿಂಗ್ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿ, ಒಂದು ಸುದ್ದಿತಾಣದಲ್ಲೂ ಬಂತು. ಆಮೇಲೆ ನಲವತ್ತಕ್ಕೂ ಹೆಚ್ಚು ನೌಕರರು ಸಹಿ ಹಾಕಿ ಎಂ.ಡಿ. ಅವರಿಗೆ ಪತ್ರ ಬರೆದಿದ್ದಾರೆ. ಆಡಳಿತದವರು ನನಗೆ ಹೇಳಿರುವುದು ಇಷ್ಟು: ಸಭೆಯಲ್ಲಿದ್ದ ಎಲ್ಲರ ಫೋನ್ ಪರೀಕ್ಷಿಸಿ; ಅನುಮಾನವಿರುವ ಇಬ್ಬರನ್ನು ಈ ವಾರವೇ ಮನೆಗೆ ಕಳುಹಿಸಿ; ಎಲ್ಲರಿಗೂ ಕಟುವಾದ ಎಚ್ಚರಿಕೆಯ ಮೇಲ್ ಹಾಕಿ. ಇದು ಸರಿಯೇ? ಬೇರೆ ಕಂಪನಿಗಳು ಇಂಥ ಹೊತ್ತಿನಲ್ಲಿ ಏನು ಮಾಡುತ್ತವೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ, ಆಡಳಿತದವರು ಅವನ್ನು ಒಂದೇ ಗಂಟು ಕಟ್ಟಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಸಭೆಯಲ್ಲಿ ಆಡಿದ ಮಾತು ಮೊದಲನೆಯದು, ಆ ಮಾತು ಹೊರಗೆ ಹೋದದ್ದು ಎರಡನೆಯದು, ನೌಕರರು ಹೆಸರು ಬರೆದು ಸಹಿ ಹಾಕಿ ಕೊಟ್ಟ ಪತ್ರ ಮೂರನೆಯದು. ನಿಮಗೆ ಬಂದಿರುವ ಸೂಚನೆಯಲ್ಲಿ ಎರಡನೆಯದರ ಚಿಂತೆ ಮಾತ್ರ ಕಾಣುತ್ತದೆ, ಮೊದಲನೆಯದರ ಬಗ್ಗೆ ಒಂದಕ್ಷರವೂ ಇಲ್ಲ. ಹೊರಬಿದ್ದ ಮಾತು ನಿಜವೇ, ನಿಜವಾದರೆ ಅದು ಕಂಪನಿಯ ನೀತಿಯೇ ಅಥವಾ ಒಬ್ಬ ಅಧಿಕಾರಿಯ ಅತಿರೇಕವೇ ಎಂಬುದು ತೀರ್ಮಾನವಾಗುವ ಮೊದಲೇ ಯಾರು ಕೊಟ್ಟರೆಂದು ಹುಡುಕಲು ಹೊರಟ ಕಂಪನಿಗಳು ಹಲವು ಸಲ ಮೊದಲಿಗಿಂತ ದೊಡ್ಡ ಸಂಕಟಕ್ಕೆ ಸಿಕ್ಕಿಬಿದ್ದಿವೆ. ಆದ್ದರಿಂದ ಮಾತಿನ ವಿಚಾರಣೆ ಮೊದಲು, ಪತ್ರಕ್ಕೆ ಉತ್ತರ ಅದರ ಜೊತೆಯಲ್ಲೇ, ಸೋರಿಕೆಯ ವಿಚಾರ ಕೊನೆಗೆ ಎಂಬುದು ನನ್ನ ಸಲಹೆ.

ಬೇಟೆಗೆ ಹೊರಟವರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ, ನಿಮ್ಮ ಎಂ.ಡಿ. ಅವರ ಮುಂದೆ ಇಡಲು ಅದು ನಿಮಗೆ ಬೇಕಾಗುತ್ತದೆ. 2006ರಲ್ಲಿ ಅಮೆರಿಕದ ಎಚ್‌ಪಿ ಕಂಪನಿಯ ನಿರ್ದೇಶಕ ಮಂಡಳಿಯೊಳಗಿನ ಚರ್ಚೆ ಪತ್ರಿಕೆಯವರಿಗೆ ತಿಳಿಯುತ್ತಿತ್ತು. ಯಾರು ಹೇಳುತ್ತಿದ್ದಾರೆಂದು ಪತ್ತೆಹಚ್ಚಲು ಅಧ್ಯಕ್ಷೆ ಪೆಟ್ರೀಷಿಯಾ ಡನ್ ತನಿಖೆ ಮಾಡಿಸಿದರು. ತನಿಖೆಗೆ ನೇಮಕಗೊಂಡವರು ಬೇರೆಯವರ ಸೋಗು ಹಾಕಿ, ನಿರ್ದೇಶಕರದೂ ಪತ್ರಕರ್ತರದೂ ಫೋನ್ ಕರೆಗಳ ವಿವರವನ್ನು ದೂರವಾಣಿ ಕಂಪನಿಗಳಿಂದ ತೆಗೆಸಿಕೊಂಡರು. ಸುದ್ದಿ ಕೊಟ್ಟ ನಿರ್ದೇಶಕರು ಯಾರೆಂಬುದು ಗೊತ್ತಾಯಿತು, ನಿಜ. ಆದರೆ ಅಷ್ಟು ಹೊತ್ತಿಗೆ ಈ ತನಿಖೆಯ ರೀತಿಯೇ ದೇಶದ ದೊಡ್ಡ ಹಗರಣವಾಗಿ, ಡನ್ ಸ್ಥಾನ ಬಿಡಬೇಕಾಯಿತು; ಕ್ಯಾಲಿಫೋರ್ನಿಯಾ ಸರ್ಕಾರದೊಂದಿಗಿನ ರಾಜಿಗೆ ಕಂಪನಿ 1.45 ಕೋಟಿ ಡಾಲರ್ ತೆತ್ತಿತು. ಮೊದಲು ಸೋರಿದ ಸುದ್ದಿ ಏನಾಗಿತ್ತೆಂದು ಇವತ್ತು ಯಾರಿಗೂ ನೆನಪಿಲ್ಲ; ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟ ಹಾಗಾಯಿತು.

ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕಿನದು ಇನ್ನೂ ನೇರವಾದ ಪಾಠ. ಹೊಸದಾಗಿ ನೇಮಕಗೊಂಡ ಹಿರಿಯ ಅಧಿಕಾರಿಯೊಬ್ಬರ ಬಗ್ಗೆ 2016ರಲ್ಲಿ ಮೂಗರ್ಜಿ ಬಂತು. ಅದನ್ನು ಬರೆದವರು ಯಾರೆಂದು ಕಂಡುಹಿಡಿಯುವಂತೆ ಮುಖ್ಯ ಕಾರ್ಯನಿರ್ವಾಹಕ ಜೆಸ್ ಸ್ಟೇಲಿ ಬ್ಯಾಂಕಿನ ಭದ್ರತಾ ವಿಭಾಗಕ್ಕೆ ಹೇಳಿದರು. ಬರೆದವರು ಸಿಗಲೇ ಇಲ್ಲ. ಆದರೆ ಹುಡುಕಿಸಿದ ತಪ್ಪಿಗೆ 2018ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆಗಳು ಸ್ಟೇಲಿ ಅವರಿಗೆ ವೈಯಕ್ತಿಕವಾಗಿ 6,42,430 ಪೌಂಡ್ ದಂಡ ವಿಧಿಸಿದವು. ದಂಡ ಬಿದ್ದದ್ದು ಹುಡುಕುವಂತೆ ಹೇಳಿದ ವ್ಯಕ್ತಿಯ ಮೇಲೆ ಎಂಬುದನ್ನು ನಿಮಗೆ ಸೂಚನೆ ಕೊಟ್ಟವರು ಗಮನಿಸುವುದು ಒಳ್ಳೆಯದು. ನಮ್ಮ ದೇಶದಲ್ಲಿ ಇಂಥ ದಂಡದ ಭಯ ಅಷ್ಟಿಲ್ಲ ಎಂಬುದೂ ನಿಜವೇ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ತಾಂತ್ರಿಕ ಬಲೆಗಳೂ ಇವೆ. 2008ರಲ್ಲಿ ಟೆಸ್ಲಾ ಕಂಪನಿಯಲ್ಲಿ ಒಂದೇ ಮೇಲ್ ಎಲ್ಲರಿಗೂ ಹೋದಂತೆ ಕಂಡರೂ, ಪ್ರತಿಯೊಬ್ಬರ ಪ್ರತಿಯಲ್ಲೂ ವಾಕ್ಯಗಳ ನಡುವೆ ಒಂದೋ ಎರಡೋ ಸ್ಪೇಸ್ ಬಿಟ್ಟು, ಆ ವಿನ್ಯಾಸದಿಂದಲೇ ಹೊರಗೆ ಕೊಟ್ಟವರನ್ನು ಗುರುತಿಸಿದ್ದಾಗಿ ಎಲಾನ್ ಮಸ್ಕ್ ಆಮೇಲೆ ತಾವೇ ಹೇಳಿಕೊಂಡರು. ಜಾಣತನವೇನೋ ಹೌದು. ಆದರೆ ಆರುನೂರು ಜನರಿಗೆ ಹೀಗೆ ಬಲೆ ಹಾಕಿದ್ದು ಒಮ್ಮೆ ಗೊತ್ತಾದರೆ, ಅಂದಿನಿಂದ ನಿಮ್ಮ ಪ್ರತಿ ಮೇಲನ್ನೂ ಜನ ಓದುವ ರೀತಿಯೇ ಬೇರೆಯಾಗುತ್ತದೆ. ಹೇಳಬೇಕಾದುದನ್ನು ಮೇಲ್‌ನಲ್ಲಿ ಹೇಳುವುದು ನಿಲ್ಲುತ್ತದೆ, ಟೀ ಅಂಗಡಿಯ ಮುಂದಿನ ಗುಸುಗುಸು ಹೆಚ್ಚುತ್ತದೆ, ಮೊದಲ ಅಪಾಯದ ಸೂಚನೆ ಎಚ್‌ಆರ್‌ಗೆ ತಲುಪುವ ಬದಲು ಪತ್ರಕರ್ತರಿಗೆ ತಲುಪುತ್ತದೆ.

ಇನ್ನು ಮಾತಿನ ವಿಚಾರಣೆಯನ್ನೇ ಮುಂದಿಟ್ಟ ಉದಾಹರಣೆ. ಅದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಇನ್ಫೋಸಿಸ್‌ನಲ್ಲೇ ಇದೆ. 2019ರಲ್ಲಿ ತಮ್ಮನ್ನು ನೈತಿಕ ನಿಷ್ಠೆಯ ನೌಕರರೆಂದು ಕರೆದುಕೊಂಡ ಅನಾಮಧೇಯರು, ಲಾಭ ಹೆಚ್ಚು ಕಾಣುವಂತೆ ಲೆಕ್ಕದಲ್ಲಿ ಕೈಯಾಡಿಸಲಾಗುತ್ತಿದೆ ಎಂದು ನಿರ್ದೇಶಕ ಮಂಡಳಿಗೂ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೂ ದೂರಿದರು. ಆರೋಪ ಇದ್ದದ್ದು ಮುಖ್ಯ ಕಾರ್ಯನಿರ್ವಾಹಕ ಸಲೀಲ್ ಪಾರೇಖ್ ಮತ್ತು ಹಣಕಾಸು ಮುಖ್ಯಸ್ಥರ ಮೇಲೆ. ಸೆಪ್ಟೆಂಬರ್ 30ರಂದು ನಿರ್ದೇಶಕರೊಬ್ಬರ ಕೈ ಸೇರಿದ ದೂರನ್ನು ಅಕ್ಟೋಬರ್ 10ರಂದು ಆಡಿಟ್ ಸಮಿತಿಯ ಮುಂದಿಡಲಾಯಿತು. ಅಕ್ಟೋಬರ್ 21ರಂದು ವಿಷಯ ಬಹಿರಂಗವಾಯಿತು. ಮರುದಿನ ಷೇರಿನ ಬೆಲೆ ಒಂದೇ ದಿನದಲ್ಲಿ ಸುಮಾರು ಶೇ 16ರಷ್ಟು ಬಿತ್ತು.

ಆಗ ಅಧ್ಯಕ್ಷರಾಗಿದ್ದ ನಂದನ್ ನಿಲೇಕಣಿ ಅವರ ಹೇಳಿಕೆಯಲ್ಲಿ ಯಾವ ದಿನ ದೂರು ಬಂತು, ಯಾವ ದಿನ ಯಾರ ಮುಂದಿಡಲಾಯಿತು ಎಂಬ ವಿವರವೆಲ್ಲ ಇತ್ತು. ಆರೋಪಕ್ಕೆ ಗುರಿಯಾದ ಇಬ್ಬರನ್ನೂ ಆ ವಿಚಾರದಿಂದ ದೂರ ಇಡಲಾಯಿತು. ತನಿಖೆಗೆ ಹೊರಗಿನ ವಕೀಲರ ಸಂಸ್ಥೆಯನ್ನೂ ಲೆಕ್ಕಪರಿಶೋಧನೆಯಲ್ಲಿ ಪಳಗಿದ ಸಂಸ್ಥೆಯನ್ನೂ ನೇಮಿಸಿ, 2 ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ನೋಡಿಸಿ, 2020ರ ಜನವರಿ 10ರಂದು ಆರೋಪಗಳಿಗೆ ಆಧಾರ ಸಿಕ್ಕಿಲ್ಲ ಎಂದು ಪ್ರಕಟಿಸಲಾಯಿತು. ಇದರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ದೂರು ಬಂದಿದೆಯೆಂದು ಹೂಡಿಕೆದಾರರಿಗೆ ಕಂಪನಿಯಿಂದಲ್ಲದೆ ಪತ್ರಿಕೆಗಳಿಂದ ಏಕೆ ತಿಳಿಯಬೇಕಾಯಿತು ಎಂದು ಷೇರು ವಿನಿಮಯ ಕೇಂದ್ರ ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೂ ಕೊನೆಯಲ್ಲಿ ಆಧಾರವಿಲ್ಲ ಎಂದಾಗ ಮಾರುಕಟ್ಟೆ ನಂಬಿತಲ್ಲ, ಅದು ಆ ವಿಚಾರಣೆಯ ಕ್ರಮದಿಂದ. ಇದೇ ಮಾತನ್ನು ಮೊದಲ ದಿನವೇ, ಆರೋಪಕ್ಕೆ ಗುರಿಯಾದವರ ಬಾಯಿಂದಲೇ ಹೇಳಿಸಿದ್ದರೆ ಯಾರೂ ನಂಬುತ್ತಿರಲಿಲ್ಲ.

ನಿಮ್ಮ ಕಂಪನಿ ಇನ್ಫೋಸಿಸ್ ಅಲ್ಲ, ಅಷ್ಟು ಖರ್ಚೂ ಬೇಡ. ಆದರೆ ಕ್ರಮ ಅದೇ ಇರಲಿ. ರೆಕಾರ್ಡಿಂಗ್‌ನಲ್ಲಿ ಮಾತಾಡಿದ ಅಧಿಕಾರಿ ವಿಚಾರಣೆಯ ಹತ್ತಿರಕ್ಕೂ ಬರಬಾರದು. ನೀವು ಅವರಿಗೇ ವರದಿ ಮಾಡುವವರಾದರೆ ನೀವೂ ವಿಚಾರಣೆ ನಡೆಸಬೇಡಿ. ದಿನನಿತ್ಯದ ಆಡಳಿತದಲ್ಲಿ ಇಲ್ಲದ ನಿರ್ದೇಶಕರೊಬ್ಬರು, ಹೊರಗಿನ ಒಬ್ಬ ವಕೀಲರು ಸಾಕು. ತುಣುಕಿನಲ್ಲಿರುವುದು ಕೆಲವು ನಿಮಿಷದ ಮಾತಾದರೆ ಉಳಿದ ಸಭೆಯಲ್ಲಿ ಏನು ನಡೆಯಿತೆಂದು ಹಾಜರಿದ್ದವರನ್ನು ಒಬ್ಬೊಬ್ಬರಾಗಿ ಕೇಳಲಿ. ಆ ಸಭೆಯ ನಂತರ ನಿಜವಾಗಿ ಎಷ್ಟು ಮಂದಿಯ ದರ್ಜೆ ಇಳಿದಿದೆ, ಅದರಲ್ಲಿ ಎಷ್ಟು ಮಂದಿ ರಾಜೀನಾಮೆ ಕೊಟ್ಟಿದ್ದಾರೆ, ಮ್ಯಾನೇಜರ್ ಮೊದಲು ಕೊಟ್ಟ ಅಂಕಕ್ಕೂ ಕೊನೆಗೆ ದಾಖಲಾದ ಅಂಕಕ್ಕೂ ವ್ಯತ್ಯಾಸವಿದೆಯೇ ಎಂಬುದನ್ನು ಅಪ್ರೈಸಲ್ ದಾಖಲೆಯಿಂದಲೇ ತೆಗೆಯಬಹುದು. ವಿಚಾರಣೆಯ ಜೀವ ಇರುವುದು ಅಲ್ಲಿ, ಫೋನುಗಳಲ್ಲಿ ಅಲ್ಲ.

ಏಕೆಂದರೆ ಆ ಮಾತು ಬರಿಯ ಒರಟು ಮಾತಲ್ಲ, ಅದಕ್ಕೆ ಕಾನೂನಿನ ಪರಿಣಾಮವಿದೆ. ಬಲವಂತದಿಂದ ಬರೆಸಿಕೊಂಡ ರಾಜೀನಾಮೆಯನ್ನು ನ್ಯಾಯಾಲಯ ರಾಜೀನಾಮೆ ಎಂದು ಒಪ್ಪಬೇಕಾಗಿಲ್ಲ, ಕೆಲಸದಿಂದ ತೆಗೆದದ್ದೇ ಎಂದು ಪರಿಗಣಿಸಬಹುದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ ಆರು ತಿಂಗಳು ನಿರಂತರ ಸೇವೆ ಮಾಡಿದ ನೌಕರರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಕಾರಣಕ್ಕೆ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆದು, ಸಾಕ್ಷ್ಯ ದಾಖಲಾಗಿರಬೇಕು. ಈ ನಿಯಮ ಎರಡು ಕಡೆ ಕಚ್ಚುತ್ತದೆ: ರಾಜೀನಾಮೆ ಬರೆಸಿಕೊಂಡವರ ವಿಷಯದಲ್ಲೂ, ಅನುಮಾನದ ಮೇಲೆ ಈ ವಾರವೇ ಕಳುಹಿಸಿ ಎಂದಿರುವ ಆ ಇಬ್ಬರ ವಿಷಯದಲ್ಲೂ.

ನೌಕರರ ಪತ್ರದ ಬಗ್ಗೆ ನಿಮ್ಮ ಆಡಳಿತದವರಿಗೆ ಸಿಟ್ಟಿದೆ ಎಂದು ನಿಮ್ಮ ಬರಹದಿಂದಲೇ ಊಹಿಸಬಹುದು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಕಂಪನಿಗೆ ಒದಗಿರುವ ಒಂದೇ ಒಳ್ಳೆಯ ಸಂಗತಿ ಆ ಪತ್ರ. ನಲವತ್ತು ಮಂದಿ ಹೆಸರು ಮುಚ್ಚಿಕೊಳ್ಳದೆ, ಹೊರಗಿನವರಿಗಲ್ಲ, ತಮ್ಮ ಎಂ.ಡಿ. ಅವರಿಗೇ ಬರೆದಿದ್ದಾರೆ. ಅವರಿಗೆ ಇನ್ನೂ ಉತ್ತರದ ನಿರೀಕ್ಷೆ ಇದೆ ಎಂದರ್ಥ. ಸಹಿ ಹಾಕಿದವರ ಮುಂದಿನ ಅಪ್ರೈಸಲ್‌ನಲ್ಲಿ ಏನಾದರೂ ವ್ಯತ್ಯಾಸವಾದರೆ ಅದನ್ನು ಸೇಡು ಎಂದೇ ಎಲ್ಲರೂ ಓದುತ್ತಾರೆ. ಮುಂದಿನ ಸಲ ಪತ್ರ ಬರುವುದಿಲ್ಲ, ರೆಕಾರ್ಡಿಂಗ್ ಮಾತ್ರ ಬರುತ್ತದೆ.

ಈ ವಿಷಯದಲ್ಲಿ ಗೂಗಲ್‌ನ ನಡೆ ಎರಡು ಬಗೆಯಾಗಿತ್ತು. ಅಮೆರಿಕದ ರಕ್ಷಣಾ ಇಲಾಖೆಗೆ ಡ್ರೋನ್ ಚಿತ್ರಗಳನ್ನು ವಿಶ್ಲೇಷಿಸಿಕೊಡುವ ಪ್ರಾಜೆಕ್ಟ್ ಮೇವನ್ ಬೇಡವೆಂದು 2018ರಲ್ಲಿ ಸಾವಿರಾರು ನೌಕರರು ಪತ್ರಕ್ಕೆ ಸಹಿ ಹಾಕಿದಾಗ, ಕಂಪನಿ ಆ ಗುತ್ತಿಗೆಯನ್ನು ನವೀಕರಿಸುವುದಿಲ್ಲ ಎಂದಿತು. ಅದೇ ವರ್ಷ, ಲೈಂಗಿಕ ಕಿರುಕುಳದ ಆರೋಪಕ್ಕೆ ಗುರಿಯಾದ ಅಧಿಕಾರಿಗೆ 9 ಕೋಟಿ ಡಾಲರ್ ಕೊಟ್ಟು ಬೀಳ್ಕೊಟ್ಟ ಸುದ್ದಿ ಬಂದು, ನವೆಂಬರ್ 1ರಂದು ಜಗತ್ತಿನಾದ್ಯಂತ ಸುಮಾರು 20,000 ನೌಕರರು ಕಚೇರಿಯಿಂದ ಹೊರನಡೆದರು. ಲೈಂಗಿಕ ಕಿರುಕುಳದ ದೂರುಗಳು ನ್ಯಾಯಾಲಯದ ಬದಲು ಕಡ್ಡಾಯವಾಗಿ ಖಾಸಗಿ ಪಂಚಾಯಿತಿಗೇ ಹೋಗಬೇಕೆಂಬ ನಿಯಮವನ್ನು ಕೆಲವೇ ದಿನಗಳಲ್ಲಿ ಕಂಪನಿ ಕೈಬಿಟ್ಟಿತು. ಆದರೆ 2019ರ ಕೊನೆಗೆ, ನೌಕರರು ಮೇಲಿನವರನ್ನು ನೇರವಾಗಿ ಪ್ರಶ್ನಿಸುತ್ತಿದ್ದ ವಾರದ ಸಭೆಯನ್ನು, ಮಾತು ಹೊರಗೆ ಹೋಗುತ್ತಿದೆ ಎಂಬ ಕಾರಣವನ್ನೂ ಮುಂದಿಟ್ಟು, ತಿಂಗಳಿಗೊಂದಾಗಿ ಇಳಿಸಲಾಯಿತು. ಅಷ್ಟು ದೊಡ್ಡ ಕಂಪನಿಗೆ ಅದು ತಾಳಿಕೊಳ್ಳಬಹುದಾದ ಬೆಲೆ ಇರಬಹುದು. ಸಣ್ಣ ಕಂಪನಿಗೆ ಹಾಗಲ್ಲ: ಅರವತ್ತು ಮಂದಿಯೂ ಇಲ್ಲದ ಅಮೆರಿಕದ ಸಾಫ್ಟ್‌ವೇರ್ ಕಂಪನಿ ಬೇಸ್‌ಕ್ಯಾಂಪ್ 2021ರಲ್ಲಿ ಕಚೇರಿಯೊಳಗಿನ ರಾಜಕೀಯ, ಸಾಮಾಜಿಕ ಚರ್ಚೆಯನ್ನು ನಿಷೇಧಿಸಿದಾಗ ಕೆಲವೇ ದಿನಗಳಲ್ಲಿ ಮೂರನೇ ಒಂದು ಭಾಗದಷ್ಟು ಜನ ಪರಿಹಾರ ತೆಗೆದುಕೊಂಡು ಹೊರನಡೆದರು.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಐಟಿ ಕಂಪನಿಗಳಲ್ಲಿ ನೌಕರರ ಸಂಘ ಎಂಬುದೇ ಇಲ್ಲ ಎನ್ನುವ ಕಾಲ ಹೋಯಿತು. ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ 2017ರಿಂದಲೇ ಕೆಲಸ ಮಾಡುತ್ತಿದೆ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಮೆಟ್ಟಿಲು ಹತ್ತಿ ದೂರು ಕೊಡುವುದು ಸಾಫ್ಟ್‌ವೇರ್ ನೌಕರರಿಗೆ ಈಗ ಹೊಸದಲ್ಲ. ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಈ ಕ್ಷೇತ್ರಕ್ಕೆ ರಾಜ್ಯ ಸರ್ಕಾರ ವರ್ಷಗಳ ಕಾಲ ವಿನಾಯಿತಿ ಕೊಡುತ್ತ ಬಂದದ್ದೂ ಷರತ್ತಿನ ಮೇಲೆಯೇ, ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು ಎಂಬುದು ಅವುಗಳಲ್ಲೊಂದು. ನಿಮ್ಮಲ್ಲಿ ಆ ಸಮಿತಿ ಕಾಗದದ ಮೇಲಷ್ಟೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಕೊನೆಯ ಸಭೆ ಯಾವಾಗ ನಡೆಯಿತೆಂದು ಅಧಿಕಾರಿಗಳು ಕೇಳಿದಾಗ ನಡಾವಳಿ ಪುಸ್ತಕ ಖಾಲಿ ಇದ್ದರೆ, ರೆಕಾರ್ಡಿಂಗ್ ಹೊರಗೆ ಹೋದದ್ದು ಏಕೆ ಎಂಬ ಪ್ರಶ್ನೆಗೆ ಆ ಖಾಲಿ ಪುಟಗಳೇ ಉತ್ತರವಾಗುತ್ತವೆ.

ಈಗ ಸೋರಿಕೆ. ಹೊರಗೆ ಹೋಗುವುದೆಲ್ಲ ಒಂದೇ ತೂಕದ್ದಲ್ಲ. ಗ್ರಾಹಕರ ದತ್ತಾಂಶ, ಸೋರ್ಸ್ ಕೋಡ್, ನೌಕರರ ಸಂಬಳದ ಪಟ್ಟಿ ಇವು ಹೊರಗೆ ಹೋದರೆ ಅದು ಗಂಭೀರ ಅಪರಾಧವೇ ಆಗಬಹುದು. ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ದತ್ತಾಂಶ ತೆಗೆಯುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಅನ್ವಯಿಸುತ್ತವೆ. ಲೈಂಗಿಕ ಕಿರುಕುಳದ ದೂರುದಾರರ ಹೆಸರು ಹೊರಬಿದ್ದರೆ ಅಂಥ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ 16ನೇ ಕಲಮಿನ ಉಲ್ಲಂಘನೆ. ಅಲ್ಲಿ ಗೋಪ್ಯತೆ ಇರುವುದು ನೊಂದವರ ರಕ್ಷಣೆಗೆ, ಅಂಥ ಸೋರಿಕೆಯ ಮೂಲವನ್ನು ಹುಡುಕಲೇಬೇಕು. ಷೇರುಪೇಟೆಯಲ್ಲಿರುವ ಕಂಪನಿಯಾದರೆ, ಬೆಲೆಯ ಮೇಲೆ ಪರಿಣಾಮ ಬೀರುವ ಮಾಹಿತಿ ಸೋರಿದಾಗ ವಿಚಾರಣೆ ನಡೆಸುವ ನೀತಿ ಇರಲೇಬೇಕೆಂದು ನಮ್ಮ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2019ರಿಂದ ಕಡ್ಡಾಯ ಮಾಡಿದೆ. ನಿಮ್ಮಲ್ಲಿ ಹೊರಗೆ ಹೋದದ್ದು ಇದಾವುದೂ ಅಲ್ಲ. ಸಭೆಯಲ್ಲಿ ಹಾಜರಿದ್ದವರೇ ಅಲ್ಲಿ ಆಡಿದ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದರೆ ಅದು ಕಂಪನಿಯ ನಿಯಮದ ಉಲ್ಲಂಘನೆ ಆಗಬಹುದು, ನೇಮಕಾತಿ ಒಪ್ಪಂದದ ಗೋಪ್ಯತೆಯ ಷರತ್ತಿಗೆ ವಿರುದ್ಧವಾಗಬಹುದು. ಆದರೂ ಸರ್ವರ್‌ನಿಂದ ಕಡತ ಕದ್ದದ್ದಕ್ಕೆ ಅದನ್ನು ಸಮ ಮಾಡಲಾಗದು. ಅದರಲ್ಲೂ ರೆಕಾರ್ಡ್ ಆದ ಮಾತೇ ಕಾನೂನಿಗೆ ಹೊಂದದ್ದಾಗಿರುವಾಗ, ಗೋಪ್ಯತೆಯ ಷರತ್ತನ್ನು ಮುಂದಿಟ್ಟುಕೊಂಡು ನ್ಯಾಯಾಲಯಕ್ಕೆ ಹೋಗಲು ನಿಮ್ಮ ವಕೀಲರೇ ಹಿಂಜರಿಯುತ್ತಾರೆ.

ಫೋನ್ ಪರೀಕ್ಷೆ ಬೇಡವೇ ಬೇಡ. ಕಂಪನಿ ಕೊಟ್ಟ ಲ್ಯಾಪ್‌ಟಾಪ್, ಕಂಪನಿಯ ಮೇಲ್, ಸಭೆಯ ಸಾಫ್ಟ್‌ವೇರಿನ ಲಾಗ್ ಇವುಗಳನ್ನು ನಿಮ್ಮ ಲಿಖಿತ ನೀತಿಯಲ್ಲಿ ಹೇಳಿದ್ದರೆ ನೋಡಬಹುದು. ನೌಕರರ ಸ್ವಂತ ಫೋನು ಹಾಗಲ್ಲ. ಶೋಧ ಮಾಡುವ ಪೊಲೀಸರ ಅಧಿಕಾರ ಯಾವ ಕಂಪನಿಗೂ ಇಲ್ಲ. ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತೇವೆ ಎಂದು ಕೆಲವರು ಹೇಳುತ್ತಾರೆ, ಆದರೆ ಕೆಲಸ ಹೋಗುವ ಭಯದಲ್ಲಿರುವವರು ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಯಾರೂ ಕರೆಯುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ. ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವಂಥದ್ದು, ಖಾಸಗಿ ಕಂಪನಿಯನ್ನು ನೇರವಾಗಿ ಅಲ್ಲ ಎಂದು ವಾದಿಸಬಹುದು. ಆದರೆ ಮಹಿಳಾ ಸಹೋದ್ಯೋಗಿಯೊಬ್ಬರ ಫೋನನ್ನು ಐಟಿ ವಿಭಾಗದ ಹುಡುಗ ತೆರೆದು ಫೋಟೋಗಳನ್ನು ಸರಿಸುತ್ತ ಕೂತಿದ್ದಾನೆ ಎಂದು ಒಮ್ಮೆ ಯೋಚಿಸಿ ನೋಡಿ. ಆ ವಾದ ಮಾಡುವ ಧೈರ್ಯ ಉಳಿಯುವುದಿಲ್ಲ.

ಎಚ್ಚರಿಕೆಯ ಮೇಲ್ ಕೂಡ ಹೊರಗೆ ಹೋಗುತ್ತದೆ ಎಂದುಕೊಂಡೇ ಬರೆಯಿರಿ. ಇಂಥ ಮೇಲುಗಳ ಸಾಮಾನ್ಯ ಧಾಟಿ ನನಗೆ ಚೆನ್ನಾಗಿ ಗೊತ್ತು: "ಕೆಲವು ಹಿತಾಸಕ್ತಿಗಳು ಕಂಪನಿಯ ಹೆಸರು ಕೆಡಿಸಲು ಮಾತನ್ನು ಸಂದರ್ಭದಿಂದ ಬೇರ್ಪಡಿಸಿ ಹರಡಿವೆ. ತಪ್ಪಿತಸ್ಥರ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದು." ಇದನ್ನು ಕಳುಹಿಸಿದ ಅರ್ಧ ಗಂಟೆಯಲ್ಲಿ ಸ್ಕ್ರೀನ್‌ಶಾಟ್ ಅದೇ ಸುದ್ದಿತಾಣದಲ್ಲಿ ಕಾಣಿಸಿದರೆ ಆಶ್ಚರ್ಯಪಡಬೇಡಿ. ಬದಲಿಗೆ ಎಂ.ಡಿ. ಅವರ ಹೆಸರಿನಲ್ಲೇ ಹೀಗೊಂದು ಹೋಗಲಿ:

"ಮ್ಯಾನೇಜರುಗಳ ಸಭೆಯ ರೆಕಾರ್ಡಿಂಗ್ ಅನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಯಾರನ್ನೂ ಒತ್ತಡ ಹಾಕಿ ರಾಜೀನಾಮೆ ಕೊಡಿಸುವುದು ಈ ಕಂಪನಿಯ ನೀತಿಯಲ್ಲ. ಸಭೆಯಲ್ಲಿ ಏನು ನಡೆಯಿತು, ಅದರಿಂದ ಯಾರ ಅಪ್ರೈಸಲ್‌ಗಾದರೂ ಧಕ್ಕೆಯಾಗಿದೆಯೇ ಎಂಬುದನ್ನು ಆಡಳಿತದ ಹೊರಗಿನ ನಿರ್ದೇಶಕರು ನೋಡುತ್ತಾರೆ. ವಿಚಾರಣೆ ಮುಗಿಯುವವರೆಗೆ ಕೊನೆಯ ದರ್ಜೆಯ ಯಾವ ನಿರ್ಧಾರವೂ ಜಾರಿಗೆ ಬರುವುದಿಲ್ಲ. ನನಗೆ ಬಂದ ಪತ್ರಕ್ಕೆ ಸಹಿ ಹಾಕಿದವರನ್ನು ಮುಂದಿನ ವಾರ ನಾನೇ ಭೇಟಿಯಾಗುತ್ತೇನೆ. ಸಹಿ ಹಾಕಿದ ಕಾರಣಕ್ಕೆ ಯಾರಿಗೂ ತೊಂದರೆಯಾಗುವುದಿಲ್ಲ."

ಇದರಲ್ಲಿ ಸೋರಿಕೆಯ ಬಗ್ಗೆ ಒಂದು ಮಾತೂ ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಗೋಪ್ಯತೆಯ ನಿಯಮವನ್ನು ನೆನಪಿಸಬೇಕಿದ್ದರೆ ವಿಚಾರಣೆಯ ಫಲಿತಾಂಶ ತಿಳಿಸಿದ ಮೇಲೆ ಬೇರೆ ಮೇಲ್‌ನಲ್ಲಿ ನೆನಪಿಸಿ. ಅಧಿಕಾರಿಯ ಮಾತು ನಿಜವಾಗಿಯೂ ಮೇಲಿನವರ ಸೂಚನೆಯಂತೆಯೇ ಇದ್ದರೆ ಮಾತ್ರ ಈ ಮೇಲ್ ಕಳುಹಿಸಬೇಡಿ. ಸುಳ್ಳು ಹೇಳಿ ಸಿಕ್ಕಿಬೀಳುವುದಕ್ಕಿಂತ, ವೆಚ್ಚ ಇಳಿಸಬೇಕಾಗಿದೆ ಎಂದು ಒಪ್ಪಿಕೊಂಡು, ನೋಟಿಸ್ ಮತ್ತು ಪರಿಹಾರ ಕೊಟ್ಟು ಕಾನೂನಿನಂತೆ ಜನರನ್ನು ಕಡಿಮೆ ಮಾಡುವುದು ಕಹಿಯಾದರೂ ಮರ್ಯಾದೆಯ ದಾರಿ.

ದೂರು ಕೊಟ್ಟವರಿಗೆ ನಮ್ಮಲ್ಲಿ ಏನು ರಕ್ಷಣೆ ಇದೆ ಎಂದು ನಿಮ್ಮ ನೌಕರರು ಕೇಳಿದರೆ ಪ್ರಾಮಾಣಿಕ ಉತ್ತರ ಕೊಡಿ: ಬಹಳ ಇಲ್ಲ. 2014ರ ಮಾಹಿತಿದಾರರ ರಕ್ಷಣಾ ಕಾಯ್ದೆ ಸರ್ಕಾರಿ ಸೇವೆಯಲ್ಲಿರುವವರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು, ಅದೂ ಜಾರಿಗೆ ಬಂದಿಲ್ಲ. ಖಾಸಗಿ ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 177ನೇ ಕಲಮಿದೆ. ಷೇರುಪೇಟೆಯಲ್ಲಿರುವ, ಸಾರ್ವಜನಿಕರಿಂದ ಠೇವಣಿ ಪಡೆಯುವ ಅಥವಾ ಬ್ಯಾಂಕುಗಳಿಂದ 50 ಕೋಟಿ ರೂಪಾಯಿ ಮೀರಿ ಸಾಲ ಪಡೆದ ಕಂಪನಿಗಳು ನೌಕರರಿಗೆ ದೂರು ಕೊಡುವ ವ್ಯವಸ್ಥೆ ಮಾಡಬೇಕು, ದೂರಿದವರನ್ನು ಬಲಿಪಶು ಮಾಡದಂತೆ ರಕ್ಷಿಸಬೇಕು ಎಂದು ಅದು ಹೇಳುತ್ತದೆ. ನಿಮ್ಮ ಕಂಪನಿಯ ಸಾಲ ಎಷ್ಟಿದೆಯೆಂದು ಹಣಕಾಸು ವಿಭಾಗವನ್ನು ಕೇಳಿ, ಈ ಕಲಮು ನಿಮಗೂ ಅನ್ವಯಿಸುತ್ತಿರಬಹುದು. ಅನ್ವಯಿಸದಿದ್ದರೂ ಅಂಥ ವ್ಯವಸ್ಥೆ ಮಾಡಿಕೊಳ್ಳಲು ಅಡ್ಡಿಯಿಲ್ಲ, ದೂರಿನ ಮೇಲ್ ಐಡಿ ಎಚ್‌ಆರ್ ಕೈಯಲ್ಲಿ ಇರಬಾರದಷ್ಟೆ. ಎಚ್‌ಆರ್‌ನ ಮೇಲೆಯೇ ದೂರಿದ್ದರೆ ಅದು ಎಲ್ಲಿಗೆ ಹೋಗಬೇಕು?

ಕೊನೆಯದಾಗಿ ನಿಮ್ಮ ಬಗ್ಗೆ. ಫೋನ್ ಪರೀಕ್ಷಿಸಿ, ಇಬ್ಬರನ್ನು ತೆಗೆಯಿರಿ ಎಂಬ ಸೂಚನೆ ನಿಮಗೆ ಬಾಯಿಮಾತಿನಲ್ಲಿ ಬಂದಿರಬೇಕು, ಇಂಥವು ಹಾಗೆಯೇ ಬರುತ್ತವೆ. ನಾಳೆ ಪ್ರಕರಣ ಕಾರ್ಮಿಕ ಇಲಾಖೆಯ ಮುಂದೆ ಹೋದಾಗ ವಜಾ ಪತ್ರದ ಕೆಳಗೆ ಇರುವುದು ನಿಮ್ಮ ಸಹಿ. ಆದ್ದರಿಂದ ಈ ಉತ್ತರದಲ್ಲಿ ಹೇಳಿರುವ ಕಾನೂನಿನ ತೊಡಕುಗಳನ್ನು ಒಂದು ಪುಟದಲ್ಲಿ ಬರೆದು ಎಂ.ಡಿ. ಅವರಿಗೆ ಇವತ್ತೇ ಮೇಲ್ ಮಾಡಿ. ಧಾಟಿ ವಿನಯದ್ದಾಗಿರಲಿ, ವಿರೋಧದ್ದಲ್ಲ. ಆಮೇಲೂ ಅದೇ ಸೂಚನೆ ಬಂದರೆ ಅದನ್ನು ಲಿಖಿತವಾಗಿ ಕೇಳಿ. ಆ ಇಬ್ಬರ ವಿರುದ್ಧ ನಿಜವಾದ ಸಾಕ್ಷ್ಯವಿದ್ದರೆ ಶೋಕಾಸ್ ನೋಟಿಸ್ ಕೊಟ್ಟು, ಉತ್ತರಕ್ಕೆ ಸಮಯ ಕೊಟ್ಟು, ವಿಚಾರಣೆ ನಡೆಸಿ. ಸಾಕ್ಷ್ಯವಿಲ್ಲದಿದ್ದರೆ ಅವರ ಪ್ರಾಜೆಕ್ಟ್ ಬದಲಿಸುವುದು, ಕೆಲಸ ಕೊಡದೆ ಬೆಂಚಿಗೆ ಹಾಕುವುದು, ರಿಲೀವಿಂಗ್ ಲೆಟರ್ ತಡೆಹಿಡಿಯುವುದು ಇಂಥ ಸಣ್ಣ ಸೇಡುಗಳೂ ಬೇಡ. ಅವರೇ ಬೇಸತ್ತು ರಾಜೀನಾಮೆ ಕೊಟ್ಟರೆ, ರೆಕಾರ್ಡಿಂಗ್‌ನಲ್ಲಿ ಆ ಅಧಿಕಾರಿ ಹೇಳಿದ್ದನ್ನೇ ನೀವು ಮಾಡಿ ತೋರಿಸಿದ ಹಾಗಾಗುತ್ತದೆ.